ಹಕ್ಕಿಗಳೂ ಕೊಂಬೆಯೂ



‘ಧೈರ್ಯಂ ಸರ್ವತ್ರ ಸಾಧನಂ’ ಎಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದಲೂ ಕೇಳುತ್ತಾ ಬಂದಿದ್ದೇವೆ. ಆದರೆ ಆ ಧೈರ್ಯ ಬರುವುದಾದರೂ ಎಲ್ಲಿಂದ? ಅದು ಕೆಲವರಿಗೆ ಮಾತ್ರ ಹುಟ್ಟಿನಿಂದ ಬಂದ ಗುಣವೇ? ದೇವರಲ್ಲಿ ವಿಶ್ವಾಸವಿಟ್ಟವನಿಗೆ ಭಯವೇ ಇರಬಾರದೇ? ಈ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ನಮ್ಮ ಪ್ರಬೋಧನೆಗಳಲ್ಲಿಯೂ ಧರ್ಮೋಪದೇಶದ ತರಗತಿಗಳಲ್ಲಿಯೂ ರಕ್ತಸಾಕ್ಷಿಗಳು ಸಾಮಾನ್ಯವಾಗಿ ನಗುನಗುತ್ತಲೇ ಮರಣವನ್ನು ಎದುರುಗೊಳ್ಳುತ್ತಾರೆ. ಅವರ ಕೈ ನಡುಗುವುದಿಲ್ಲ, ಕಣ್ಣು ತುಂಬುವುದಿಲ್ಲ. ಇಂತಹ ಕಥೆಗಳನ್ನು ಕೇಳಿ ಮನೆಗೆ ಮರಳಿದ ತಾಯಿಯೊಬ್ಬಳು, ಮಗುವಿನ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಹೊರಳಾಡುವಾಗ, ತನ್ನ ವಿಶ್ವಾಸವೇ ಪೊಳ್ಳೆಂದು ಕೊರಗಿದರೆ ಆಶ್ಚರ್ಯವಿಲ್ಲ. ಕೆಲಸ ಕಳೆದುಕೊಂಡ ತಂದೆ, ಪರದೇಶಕ್ಕೆ ಹೊರಟು ನಿಂತ ಮಗ, ಗಂಡನನ್ನು ಕಳೆದುಕೊಂಡು ಒಂಟಿಯಾಗಿ ಸಂಸಾರ ತೂಗಿಸಬೇಕಾದ ಮಹಿಳೆ, ಇವರೆಲ್ಲರಿಗೂ ನಾವು ಹೇಳುವ ಧೈರ್ಯದ ಕಥೆಗಳು ಕೆಲವೊಮ್ಮೆ ಧೈರ್ಯದ ಬದಲಿಗೆ ಅಪರಾಧಪ್ರಜ್ಞೆಯನ್ನೇ ಕೊಟ್ಟುಬಿಡುತ್ತವೆ.

ಈ ಕಾರಣದಿಂದಲೇ ಈ ಸಂಚಿಕೆಯಲ್ಲಿ ನಿಮ್ಮ ಗಮನವನ್ನು ಒಂದು ಚಲನಚಿತ್ರದತ್ತ ಸೆಳೆಯಲು ಇಚ್ಛಿಸುತ್ತೇನೆ. ಅದು ಫ್ರಾನ್ಸ್ ದೇಶದ ನಿರ್ದೇಶಕ ಕ್ಸೇವಿಯೇ ಬೋವ್ವಾ ಅವರು 2010ರಲ್ಲಿ ತೆರೆಗೆ ತಂದ ‘ಆಫ್ ಗಾಡ್ಸ್ ಅಂಡ್ ಮೆನ್’. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ‘ಗ್ರಾಂ ಪ್ರೀ’ ಪ್ರಶಸ್ತಿಯನ್ನೂ, ಮರುವರ್ಷ ಫ್ರಾನ್ಸಿನ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ‘ಸೀಝರ್’ ಪ್ರಶಸ್ತಿಯನ್ನೂ ಅದು ಪಡೆಯಿತು. ಪ್ರಶಸ್ತಿಗಳಿಗಾಗಿ ಇದನ್ನು ನೋಡಬೇಕೆಂದು ನಾನು ಹೇಳುತ್ತಿಲ್ಲ. ವಿಶ್ವಾಸದಿಂದ ಧೈರ್ಯ ಹುಟ್ಟುವ ಬಗೆಯನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಚಿತ್ರಗಳು ವಿರಳ. ಹಾಗಿದ್ದರೂ ಇದರಲ್ಲಿ ಒಂದು ದೊಡ್ಡ ಕೊರತೆಯಿದೆ ಎಂಬುದು ನನ್ನ ಅಭಿಪ್ರಾಯ. ಗುಣ, ಕೊರತೆ ಎರಡನ್ನೂ ನಿಮ್ಮ ಮುಂದಿಡುತ್ತೇನೆ.

ನಡೆದ ಸಂಗತಿ

ಮೊದಲು ಇತಿಹಾಸವನ್ನು ಸ್ವಲ್ಪ ತಿಳಿದುಕೊಳ್ಳೋಣ. ಉತ್ತರ ಆಫ್ರಿಕಾದ ಅಲ್ಜೀರಿಯಾ ದೇಶದಲ್ಲಿ, ರಾಜಧಾನಿ ಅಲ್ಜೀರ್ಸ್‌ನ ದಕ್ಷಿಣಕ್ಕೆ, ಅಟ್ಲಾಸ್ ಪರ್ವತಗಳ ಮಡಿಲಲ್ಲಿ ಮೆದೆಯಾ ಎಂಬ ಪಟ್ಟಣವಿದೆ. ಅದರ ಸಮೀಪದ ಪುಟ್ಟ ಹಳ್ಳಿ ತಿಬಿರಿನ್. ಅಲ್ಲಿನ ಬೆರ್ಬೆರ್ ಭಾಷೆಯಲ್ಲಿ ಈ ಹೆಸರಿಗೆ ‘ತೋಟಗಳು’ ಎಂದು ಅರ್ಥ. 1938ರಿಂದ ಇಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳ ಮಠವೊಂದಿತ್ತು. ಪ್ರಾರ್ಥನೆ, ಮೌನ ಮತ್ತು ಕೈಕೆಲಸ ಇವರ ಜೀವನಕ್ರಮ. ಸುತ್ತಲಿನ ಜನರೆಲ್ಲ ಮುಸಲ್ಮಾನರು. ಯಾರನ್ನೂ ಮತಾಂತರಿಸುವ ಉದ್ದೇಶ ಆ ಸನ್ಯಾಸಿಗಳಿಗಿರಲಿಲ್ಲ. ಹಳ್ಳಿಗರೊಂದಿಗೆ ತೋಟದಲ್ಲಿ ದುಡಿದರು, ರೋಗಿಗಳಿಗೆ ಔಷಧ ಕೊಟ್ಟರು, ದಿನಕ್ಕೆ ಹಲವು ಬಾರಿ ದೇವಾಲಯದಲ್ಲಿ ಸೇರಿ ಕೀರ್ತನೆಗಳನ್ನು ಹಾಡಿದರು. ಹಳ್ಳಿಯವರ ನಮಾಜಿಗೆಂದು ಮಠದ ಆವರಣದಲ್ಲೇ ಒಂದು ಕೋಣೆಯನ್ನು ಬಿಟ್ಟುಕೊಟ್ಟಿದ್ದರು.

1992ರ ಜನವರಿಯಲ್ಲಿ ಅಲ್ಜೀರಿಯಾದ ಸೈನ್ಯವು ನಡೆಯುತ್ತಿದ್ದ ಚುನಾವಣೆಯನ್ನು ರದ್ದುಪಡಿಸಿದ ಮೇಲೆ ಆ ದೇಶ ಅಂತರ್ಯುದ್ಧಕ್ಕೆ ಜಾರಿತು. ಸರ್ಕಾರ ಮತ್ತು ಸಶಸ್ತ್ರ ಉಗ್ರ ಗುಂಪುಗಳ ನಡುವೆ ಸಿಲುಕಿ ಆ ದಶಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಪಾಲು ಮುಸಲ್ಮಾನರೇ ಎಂಬುದನ್ನು ಮರೆಯಬಾರದು. 1993ರ ಅಂತ್ಯಕ್ಕೆ ವಿದೇಶೀಯರೆಲ್ಲರೂ ದೇಶ ಬಿಡಬೇಕೆಂದು ಉಗ್ರರು ಗಡುವು ವಿಧಿಸಿದರು. ಡಿಸೆಂಬರ್ 14ರಂದು ಮಠದಿಂದ ದೂರವಲ್ಲದ ತಮೆಸ್ಗಿದಾ ಎಂಬಲ್ಲಿ 12 ಮಂದಿ ಕ್ರೊವೇಷಿಯಾದ ಕಾರ್ಮಿಕರ ಕತ್ತು ಕೊಯ್ಯಲಾಯಿತು. ಹತ್ತು ದಿನಗಳ ನಂತರ, ಕ್ರಿಸ್ತಜಯಂತಿಯ ಹಿಂದಿನ ರಾತ್ರಿ, ಬಂದೂಕುಧಾರಿಗಳು ಮಠದ ಬಾಗಿಲಿಗೇ ಬಂದರು. ಆ ರಾತ್ರಿ ಬಂದವರು ಹಿಂದಿರುಗಿದರು. ಮುಂದಿನ ಎರಡು ವರ್ಷಗಳಿಗೂ ಹೆಚ್ಚು ಕಾಲ ಸನ್ಯಾಸಿಗಳು ಅದೇ ಮಠದಲ್ಲಿ, ಅದೇ ಗಂಟೆಯ ದನಿಗೆ ಎದ್ದು, ಅದೇ ಕೀರ್ತನೆಗಳನ್ನು ಹಾಡುತ್ತಾ ಬದುಕಿದರು. 1996ರ ಮಾರ್ಚ್ 26ರ ನಡುರಾತ್ರಿ ಕಳೆದ ಮೇಲೆ ಏಳು ಮಂದಿಯನ್ನು ಅಪಹರಿಸಲಾಯಿತು. ಅವರು ಮಠಾಧಿಪತಿ ಕ್ರಿಸ್ತಿಯಾನ್, ವೈದ್ಯರಾಗಿದ್ದ ಲೂಕ್, ಕ್ರಿಸ್ತೋಫ್, ಮಿಶೆಲ್, ಸೆಲೆಸ್ತಾಂ, ಪಾಲ್ ಮತ್ತು ಮೊರಾಕ್ಕೊದಿಂದ ಬಂದಿದ್ದ ಬ್ರೂನೋ. ಮೇ ತಿಂಗಳಲ್ಲಿ ಅವರ ಮರಣದ ಸುದ್ದಿ ಬಂತು. ದೊರೆತದ್ದು ಶಿರಸ್ಸುಗಳು ಮಾತ್ರ. ಅವರ ಸಾವಿನ ಹೊಣೆ ಯಾರದು, ಅದು ಹೇಗೆ ಸಂಭವಿಸಿತು ಎಂಬ ವಿವಾದ ಇಂದಿಗೂ ಪೂರ್ಣವಾಗಿ ತೀರಿಲ್ಲ. 2018ರ ಡಿಸೆಂಬರ್ 8ರಂದು, ಜಗದ್ಗುರು ಫ್ರಾನ್ಸಿಸ್‌ರವರ ಅವಧಿಯಲ್ಲಿ, ಅಲ್ಜೀರಿಯಾದ ಒರಾನ್ ನಗರದಲ್ಲಿ ಇವರನ್ನೂ ಅದೇ ಕಾಲದಲ್ಲಿ ಹತರಾದ ಇನ್ನೂ 12 ಮಂದಿಯನ್ನೂ ‘ಪುನೀತರು’ ಎಂದು ಘೋಷಿಸಲಾಯಿತು.

ಭಯಕ್ಕೆ ಜಾಗ ಕೊಟ್ಟ ಚಿತ್ರ

ಇಂತಹ ಕಥೆಯನ್ನು ಕೈಗೆತ್ತಿಕೊಂಡ ಬೇರೆ ನಿರ್ದೇಶಕರಾಗಿದ್ದರೆ ರಕ್ತ, ಬಂದೂಕು, ಕಣ್ಣೀರುಗಳಿಂದ ಪರದೆಯನ್ನು ತುಂಬಿಸುತ್ತಿದ್ದರೇನೋ. ಬೋವ್ವಾ ಅವರು ಆರಿಸಿಕೊಂಡ ಮಾರ್ಗ ಬೇರೆ. ಎರಡು ಗಂಟೆಗಳ ಈ ಚಿತ್ರದಲ್ಲಿ ದೊಡ್ಡ ಪಾಲು ಸಲ್ಲುವುದು ದಿನಚರಿಗೆ. ಸನ್ಯಾಸಿಗಳು ಬಿಳಿಯ ನಿಲುವಂಗಿ ತೊಟ್ಟು ದೇವಾಲಯಕ್ಕೆ ಬರುತ್ತಾರೆ, ಹಾಡುತ್ತಾರೆ, ಹೋಗುತ್ತಾರೆ. ನೆಲ ಅಗೆಯುತ್ತಾರೆ, ಸೌದೆ ಒಟ್ಟುತ್ತಾರೆ, ಪಾತ್ರೆ ತೊಳೆಯುತ್ತಾರೆ, ಜೇನುತುಪ್ಪವನ್ನು ಸಂತೆಗೆ ಒಯ್ದು ಮಾರುತ್ತಾರೆ. ವೃದ್ಧ ಲೂಕ್ ತಮ್ಮ ಚಿಕಿತ್ಸಾಲಯದಲ್ಲಿ ಮಕ್ಕಳ ಗಾಯ ತೊಳೆಯುತ್ತಾರೆ. ಹಳ್ಳಿಯ ಹುಡುಗಿಯೊಬ್ಬಳು ಅವರ ಪಕ್ಕದಲ್ಲಿ ಕುಳಿತು ಪ್ರೀತಿಯೆಂದರೆ ಏನೆಂದು ಕೇಳಿದಾಗ ಅಜ್ಜನಂತೆ ನಿಧಾನವಾಗಿ ಉತ್ತರಿಸುತ್ತಾರೆ. ಅವಸರದ ಚಿತ್ರಗಳಿಗೆ ಒಗ್ಗಿದ ನಮ್ಮ ಕಣ್ಣಿಗೆ ಮೊದಲ ಅರ್ಧ ಗಂಟೆ ಬೇಸರ ತರಿಸಬಹುದು. ದಯವಿಟ್ಟು ತಾಳ್ಮೆ ಕಳೆದುಕೊಳ್ಳಬೇಡಿ. ಧೈರ್ಯ ಹುಟ್ಟುವುದು ಈ ದಿನಚರಿಯ ನೆಲದಲ್ಲಿ ಎಂಬುದನ್ನು ಚಿತ್ರ ಮುಂದೆ ತೋರಿಸಿಕೊಡುತ್ತದೆ.

ಅಪಾಯ ಸಮೀಪಿಸಿದಾಗ ಅಧಿಕಾರಿಗಳು ಮಠಕ್ಕೆ ಸೈನ್ಯದ ಕಾವಲು ನೀಡಲು ಮುಂದಾಗುತ್ತಾರೆ. ಮಠಾಧಿಪತಿ ಕ್ರಿಸ್ತಿಯಾನ್ ಅದನ್ನು ತಕ್ಷಣವೇ ನಿರಾಕರಿಸುತ್ತಾರೆ. ಸಾಮಾನ್ಯ ಚಿತ್ರವೊಂದರಲ್ಲಿ ಈ ನಿರಾಕರಣೆಯೇ ವೀರೋಚಿತ ಕ್ಷಣವಾಗಿ, ಹಿನ್ನೆಲೆ ಸಂಗೀತ ಮೊಳಗುತ್ತಿತ್ತು. ಇಲ್ಲಿ ಆಗುವುದೇ ಬೇರೆ. ಸಹೋದರರು ಮೇಜಿನ ಸುತ್ತ ಕುಳಿತು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ನಮ್ಮೆಲ್ಲರ ಪ್ರಾಣದ ವಿಚಾರವನ್ನು ನೀವೊಬ್ಬರೇ ಹೇಗೆ ನಿರ್ಧರಿಸಿದಿರಿ, ಇದಕ್ಕಾಗಿ ನಾವು ನಿಮ್ಮನ್ನು ಆರಿಸಲಿಲ್ಲ ಎಂಬುದು ಅವರ ಆಕ್ಷೇಪಣೆಯ ಸಾರ. ಕ್ರಿಸ್ತಿಯಾನ್‌ರ ನಿಲುವು ಸರಿಯಿದ್ದಿರಬಹುದು. ಆದರೆ ಒಬ್ಬರ ಧೈರ್ಯವನ್ನು ಇನ್ನೊಬ್ಬರ ಮೇಲೆ ಹೇರುವಂತಿಲ್ಲ. ಒಂದು ಕುಟುಂಬದಲ್ಲಿ ತಂದೆಯೊಬ್ಬನೇ ಸಾಹಸದ ತೀರ್ಮಾನ ಕೈಗೊಂಡು, ಉಳಿದವರೆಲ್ಲ ಅದರ ಬೆಲೆ ತೆರಬೇಕಾದ ಸಂದರ್ಭಗಳನ್ನು ನಾವು ಕಂಡಿದ್ದೇವಲ್ಲವೇ? ಈ ಒಂದು ದೃಶ್ಯ ಅಂತಹ ಮನೆಗಳಿಗೆ ಒಳ್ಳೆಯ ಪ್ರಬೋಧನೆಯಾಗಬಲ್ಲದು.

ಬಳಿಕ, ಇರುವುದೋ ಹೋಗುವುದೋ ಎಂದು ಪ್ರತಿಯೊಬ್ಬರನ್ನೂ ಕೇಳಲಾಗುತ್ತದೆ. ಕೆಲವರು ಇರೋಣವೆನ್ನುತ್ತಾರೆ, ಕೆಲವರು ಹೊರಡೋಣವೆನ್ನುತ್ತಾರೆ, ಇನ್ನು ಕೆಲವರಿಗೆ ಮನಸ್ಸು ಸ್ಪಷ್ಟವಿಲ್ಲ. ಹೊರಡೋಣ ಎಂದವರನ್ನು ಚಿತ್ರ ಹೇಡಿಗಳೆಂದು ಬಣ್ಣಿಸುವುದಿಲ್ಲ. ಅವರ ಕಾರಣಗಳನ್ನು ಗೌರವದಿಂದ ಆಲಿಸುತ್ತದೆ. ತೀರ್ಮಾನವನ್ನು ಮುಂದಕ್ಕೆ ಹಾಕಿ ಎಲ್ಲರೂ ಮತ್ತೆ ಕೆಲಸಕ್ಕೆ, ಪ್ರಾರ್ಥನೆಗೆ ಮರಳುತ್ತಾರೆ. ನೀರಿಗಿಳಿದವನಿಗೆ ಚಳಿಯೇನು ಎಂಬ ಗಾದೆ ನಮ್ಮಲ್ಲಿದೆ. ಈ ಸನ್ಯಾಸಿಗಳು ದಶಕಗಳ ಹಿಂದೆಯೇ ಎಲ್ಲವನ್ನೂ ತ್ಯಜಿಸಿ ನೀರಿಗಿಳಿದವರು. ಆದರೂ ಚಳಿ ಅವರನ್ನು ಬಿಡಲಿಲ್ಲ.

ಈ ಚಳಿಯ ಅತಿ ತೀವ್ರ ರೂಪವನ್ನು ಕಾಣುವುದು ಕ್ರಿಸ್ತೋಫ್‌ರಲ್ಲಿ. ನಿಜ ಜೀವನದಲ್ಲಿ ಅವರು ಆ ಏಳು ಮಂದಿಯಲ್ಲಿ ಅತ್ಯಂತ ಕಿರಿಯರು. ಮರಣಿಸಿದಾಗ ಅವರ ವಯಸ್ಸು 45. ಒಂದು ರಾತ್ರಿ ಅವರು ತಮ್ಮ ಕೋಣೆಯಲ್ಲಿ ದೇವರನ್ನು ಕೂಗಿ ಕರೆಯುತ್ತಾರೆ. ತನ್ನ ಕೈಬಿಡಬೇಡವೆಂದು ಅಂಗಲಾಚುತ್ತಾರೆ. ಗೋಡೆಯಾಚೆ ಮಲಗಿದ ಸಹೋದರರಿಗೆ ಆ ಕೂಗು ಕೇಳಿಸುತ್ತದೆ. ಯಾರೂ ಎದ್ದು ಬಂದು ಉಪದೇಶ ಮಾಡುವುದಿಲ್ಲ. ‘ವಿಶ್ವಾಸವಿರಲಿ’ ಎಂಬ ಸಿದ್ಧ ಮಾತುಗಳನ್ನಾಡುವುದಿಲ್ಲ. ಆ ಕೂಗನ್ನು ಕೇಳಿಸಿಕೊಂಡು ಅವರೂ ಕತ್ತಲಲ್ಲಿ ಎಚ್ಚರವಾಗಿರುತ್ತಾರೆ, ಅಷ್ಟೆ. ಇಡೀ ಚಿತ್ರದಲ್ಲಿ ನನ್ನನ್ನು ಅತ್ಯಂತ ಕಲಕಿದ ದೃಶ್ಯವಿದು. ಗೆತ್ಸೆಮನಿ ತೋಪಿನಲ್ಲಿ ನಮ್ಮ ಪ್ರಭುವೂ ಕಳವಳಗೊಂಡರು, ಸಾಧ್ಯವಾದರೆ ಆ ಪಾನಪಾತ್ರೆ ತಮ್ಮಿಂದ ದೂರವಾಗಲೆಂದು ಪಿತನಲ್ಲಿ ಬೇಡಿಕೊಂಡರು. ಭಯಪಟ್ಟದ್ದೇ ಅವಿಶ್ವಾಸವಾಗಿದ್ದರೆ ಗೆತ್ಸೆಮನಿಗೆ ಶುಭಸಂದೇಶದಲ್ಲಿ ಸ್ಥಳವೇ ಇರುತ್ತಿರಲಿಲ್ಲ. ಭಯವನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವುದೇ ಪ್ರಾರ್ಥನೆ ಎಂಬುದನ್ನು ಈ ದೃಶ್ಯ ಯಾವ ವ್ಯಾಖ್ಯಾನವೂ ಇಲ್ಲದೆ ಕಲಿಸುತ್ತದೆ.

ಕೊಂಬೆ ಯಾರು, ಹಕ್ಕಿ ಯಾರು?

ಧೈರ್ಯ ಇವರಿಗೆ ಬಂದದ್ದೆಲ್ಲಿಂದ? ಅದಕ್ಕೆ ಚಿತ್ರ ಕೊಡುವ ಮೊದಲ ಉತ್ತರ ಪ್ರಾರ್ಥನೆಯಲ್ಲಿದೆ. ಸೈನ್ಯದ ಹೆಲಿಕಾಪ್ಟರೊಂದು ದೇವಾಲಯದ ಮೇಲೆ ಹಾರಾಡುವಾಗ ಅದರ ಗದ್ದಲ ಗೋಡೆಗಳನ್ನೇ ನಡುಗಿಸುತ್ತದೆ. ಸನ್ಯಾಸಿಗಳು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ, ಒತ್ತಾಗಿ ನಿಂತು ಹಾಡುತ್ತಾರೆ. ಅವರ ದನಿ ಯಂತ್ರದ ಸದ್ದನ್ನು ಅಡಗಿಸುವುದಿಲ್ಲ. ಅದರ ನಡುವೆಯೂ ನಿಲ್ಲದೆ ಸಾಗುತ್ತದೆ. ಸಂತ ತೋಮಸ್ ಅಕ್ವಿನಾಸರು ಸ್ಥೈರ್ಯವೆಂಬ ಸದ್ಗುಣವನ್ನು ವಿವರಿಸುತ್ತಾ, ಎದುರಾಳಿಯ ಮೇಲೆ ಎರಗುವುದಕ್ಕಿಂತಲೂ ಕಷ್ಟದ ನಡುವೆ ಅಚಲವಾಗಿ ತಾಳಿಕೊಳ್ಳುವುದೇ ಅದರ ಮುಖ್ಯ ಕ್ರಿಯೆ ಎಂದು ಬೋಧಿಸಿದ್ದಾರೆ. ಗುರುಮಠದಲ್ಲಿ ಪುಸ್ತಕದಿಂದ ಕಲಿತ ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರವನ್ನು ನಾನು ಕಂಡಿಲ್ಲ. ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ನಮ್ಮ ಮಕ್ಕಳಿಗೆ ಪವಿತ್ರಾತ್ಮರ ವರದಾನವಾದ ಸ್ಥೈರ್ಯವನ್ನು ವಿವರಿಸಲು ಈ ಒಂದು ದೃಶ್ಯ ಸಾಕು. ನಟರಿಗೂ ಮೆಚ್ಚುಗೆ ಸಲ್ಲಬೇಕು. ಚಿತ್ರೀಕರಣಕ್ಕೆ ಮುನ್ನ ಅವರು ಫ್ರಾನ್ಸಿನ ತಾಮಿಯೇ ಮಠದಲ್ಲಿ ತಂಗಿ ಸನ್ಯಾಸಿಗಳ ಬದುಕನ್ನು ಹತ್ತಿರದಿಂದ ಕಂಡರು, ಅವರ ಹಾಡುಗಾರಿಕೆಯನ್ನು ಅಭ್ಯಾಸ ಮಾಡಿದರು. ಪರದೆಯ ಮೇಲೆ ಅವರು ಹಾಡುವುದು ನಟನೆಯಂತೆ ತೋರುವುದಿಲ್ಲ.

ಎರಡನೆಯ ಉತ್ತರ ಹಳ್ಳಿಯ ಮಹಿಳೆಯೊಬ್ಬಳ ಬಾಯಿಂದ ಬರುತ್ತದೆ. ಹೊರಟುಹೋಗುವ ಯೋಚನೆಯನ್ನು ಸನ್ಯಾಸಿಗಳು ಹಳ್ಳಿಗರ ಮುಂದಿಡುವಾಗ, ತಾವು ಕೊಂಬೆಯ ಮೇಲೆ ಕುಳಿತ ಹಕ್ಕಿಗಳಂತೆ, ಹಾರುವುದೋ ಬಿಡುವುದೋ ತಿಳಿಯದು ಎಂದು ಅವರಲ್ಲೊಬ್ಬರು ಹೇಳುತ್ತಾರೆ. ಆ ಮಹಿಳೆ ತಕ್ಷಣವೇ ತಿದ್ದುತ್ತಾಳೆ: ಹಕ್ಕಿಗಳು ನಾವು, ಕೊಂಬೆ ನೀವು, ಕೊಂಬೆಯೇ ಹೋದರೆ ನಾವು ಕಾಲೂರುವುದೆಲ್ಲಿ ಎಂಬ ಅರ್ಥದ ಮಾತನ್ನಾಡುತ್ತಾಳೆ. ಅಲ್ಲಿಯವರೆಗೆ ಸನ್ಯಾಸಿಗಳು ತಮ್ಮ ಪ್ರಾಣದ ಬಗ್ಗೆ ಚಿಂತಿಸುತ್ತಿದ್ದರು. ಈಗ ಪ್ರಶ್ನೆಯೇ ಬದಲಾಗುತ್ತದೆ. ನಾವು ಉಳಿಯುತ್ತೇವೆಯೇ ಎಂಬುದರ ಜಾಗದಲ್ಲಿ, ನಮ್ಮನ್ನು ಆಶ್ರಯಿಸಿದವರು ಯಾರು ಎಂಬುದು ಎದ್ದು ನಿಲ್ಲುತ್ತದೆ. ಎರಡನೆಯ ಬಾರಿ ಅದೇ ಮೇಜಿನ ಸುತ್ತ ಅಭಿಪ್ರಾಯ ಕೇಳಿದಾಗ ಎಲ್ಲರೂ ಉಳಿಯಲು ಒಪ್ಪುತ್ತಾರೆ. ಭಯ ಹೋಗಿದೆಯೆಂದು ಯಾರೂ ಹೇಳುವುದಿಲ್ಲ. ಭಯಕ್ಕಿಂತ ಭಾರವಾದ ಒಂದು ಪ್ರೀತಿ ಅವರಿಗೆ ಕಾಣಿಸಿದೆ.

ಇದನ್ನು ಹೊಸ ಸವಾಲುಗಳ ಮುಂದೆ ನಿಂತ ಯಾವ ಮನೆಯವರೂ ಅರಿಯಬಲ್ಲರು. ಸ್ವಂತಕ್ಕೆಂದು ಒಂದು ಹೆಜ್ಜೆಯನ್ನೂ ಇಡಲಾರದ ತಾಯಿ ಮಕ್ಕಳಿಗಾಗಿ ಬೆಟ್ಟ ಹತ್ತುತ್ತಾಳೆ. ಹಾಸಿಗೆ ಹಿಡಿದ ಗಂಡನ ಆರೈಕೆಗೆ ನಿಂತ ಹೆಂಡತಿ, ತನಗೆ ಇಷ್ಟು ಶಕ್ತಿಯಿತ್ತೆಂದು ಮೊದಲು ತಿಳಿದಿರಲಿಲ್ಲ ಎನ್ನುತ್ತಾಳೆ. ಆ ಶಕ್ತಿ ಅವಳಲ್ಲಿ ಮೊದಲೇ ಕೂಡಿಟ್ಟದ್ದಲ್ಲ. ಅಗತ್ಯ ಬಿದ್ದಂತೆ, ಅಂದಂದಿನ ರೊಟ್ಟಿಯಂತೆ, ಅಂದಂದಿಗೆ ದೊರಕಿದ್ದು.

ಚಿತ್ರ ಹೇಳದೆ ಬಿಟ್ಟದ್ದು

ಇಷ್ಟು ಮೆಚ್ಚುಗೆಯ ನಂತರ ನನ್ನ ಆಕ್ಷೇಪಣೆಗಳನ್ನೂ ಹೇಳಬೇಕು. ಸಣ್ಣದು ಮೊದಲು. ಅಪಹರಣಕ್ಕೆ ಮುಂಚಿನ ರಾತ್ರಿಯೂಟದಲ್ಲಿ ಲೂಕ್ ದ್ರಾಕ್ಷಾರಸದ ಸೀಸೆಗಳನ್ನು ತಂದಿಡುತ್ತಾರೆ, ಚೈಕೋವ್‌ಸ್ಕಿಯವರ ‘ಸ್ವಾನ್ ಲೇಕ್’ ಸಂಗೀತದ ಕ್ಯಾಸೆಟ್ ಹಾಕುತ್ತಾರೆ. ಕ್ಯಾಮೆರಾ ಒಂದೊಂದೇ ಮುಖದ ಮೇಲೆ ಸಾಗುತ್ತದೆ. ನಗು ಕಣ್ಣೀರಾಗುತ್ತದೆ, ಕಣ್ಣೀರು ಮತ್ತೆ ನಗುವಾಗುತ್ತದೆ. ಪ್ರಭುವಿನ ಕಡೆಯ ಭೋಜನವನ್ನು ನೆನಪಿಸುವ ಈ ದೃಶ್ಯವನ್ನು ಲೋಕವೆಲ್ಲ ಕೊಂಡಾಡಿದೆ. ನನಗೂ ಅದು ಹಿಡಿಸಿತು. ಆದರೆ ಅಲ್ಲಿಯವರೆಗೆ ಕೀರ್ತನೆಗಳ ಸರಳ ರಾಗವನ್ನೇ ನೆಚ್ಚಿದ್ದ ಚಿತ್ರ ಇಲ್ಲಿ ಮಾತ್ರ ನಮ್ಮ ಕಣ್ಣೀರನ್ನು ಬಲವಂತವಾಗಿ ಕೇಳಿದಂತೆ ತೋರುತ್ತದೆ. ಆ ಮುಖಗಳಿಗೆ ಆ ಸಂಗೀತದ ನೆರವು ಬೇಕಿರಲಿಲ್ಲ.

ಎರಡನೆಯ ಆಕ್ಷೇಪಣೆ ಗಂಭೀರವಾದುದು. ಕ್ರಿಸ್ತಿಯಾನ್ ದ ಶೆರ್ಜೆ ಅವರ ಧೈರ್ಯದ ಬೇರು ಎಲ್ಲಿದೆಯೋ ಆ ಸಂಗತಿಯನ್ನೇ ಚಿತ್ರ ಹೇಳುವುದಿಲ್ಲ. 1959ರಲ್ಲಿ, ಅಲ್ಜೀರಿಯಾ ಫ್ರಾನ್ಸಿನ ಆಳ್ವಿಕೆಯಿಂದ ಬಿಡುಗಡೆಗಾಗಿ ಹೋರಾಡುತ್ತಿದ್ದ ಕಾಲದಲ್ಲಿ, ಅವರು ಅಲ್ಲಿ ಯುವ ಸೈನ್ಯಾಧಿಕಾರಿಯಾಗಿದ್ದರು. ಮೊಹಮ್ಮದ್ ಎಂಬ ಗ್ರಾಮರಕ್ಷಕ ಅವರಿಗೆ ಆಪ್ತರಾದರು. ಅವರು ಮಕ್ಕಳೊಂದಿಗರು, ದೈವಭಕ್ತ ಮುಸಲ್ಮಾನರು. ಒಂದು ದಿನ ಬೀದಿಯಲ್ಲಿ ಗಲಾಟೆಯೆದ್ದು ಕ್ರಿಸ್ತಿಯಾನ್‌ರ ಪ್ರಾಣಕ್ಕೆ ಅಪಾಯ ಬಂದಾಗ ಮೊಹಮ್ಮದ್ ಅಡ್ಡ ನಿಂತು ಅವರನ್ನು ಕಾಪಾಡಿದರು. ಮರುದಿನ ಮೊಹಮ್ಮದ್‌ರ ಶವ ಅವರ ಬಾವಿಯ ಬಳಿ ಸಿಕ್ಕಿತು. ತನಗಾಗಿ ಒಬ್ಬ ಮುಸಲ್ಮಾನ ಸ್ನೇಹಿತ ಪ್ರಾಣ ಕೊಟ್ಟನೆಂಬ ಅರಿವು ಕ್ರಿಸ್ತಿಯಾನ್‌ರನ್ನು ಜೀವನಪರ್ಯಂತ ಬಿಡಲಿಲ್ಲ. 1964ರಲ್ಲಿ ಅವರು ಗುರುದೀಕ್ಷೆ ಪಡೆದರು, 1969ರಲ್ಲಿ ಮಠ ಸೇರಿದರು, 1971ರಲ್ಲಿ ತಿಬಿರಿನ್‌ಗೆ ಬಂದರು. ಮತ್ತೆ ಅಲ್ಜೀರಿಯಾಕ್ಕೇ ಬರಬೇಕೆಂಬ ಅವರ ಹಂಬಲದ ಹಿಂದೆ ಆ ಬಾವಿಯ ಬಳಿಯ ಶವವಿತ್ತು.

ಈಗ ಯೋಚಿಸಿ. ಈ ಸಂಗತಿಯಿಲ್ಲದೆ ಚಿತ್ರವನ್ನು ನೋಡಿದವರಿಗೆ ಧೈರ್ಯವೆಲ್ಲ ಮಠದ ಒಳಗಿನಿಂದ ಹೊರಗೆ ಹರಿದಂತೆ ತೋರುತ್ತದೆ. ಹಳ್ಳಿಗರು ಆಶ್ರಯ ಬೇಡುವವರಾಗಿ, ಔಷಧಕ್ಕೆ ಸಾಲು ನಿಲ್ಲುವವರಾಗಿ ಉಳಿದುಬಿಡುತ್ತಾರೆ. ಅವರಲ್ಲಿ ಬಹುತೇಕರಿಗೆ ಚಿತ್ರದಲ್ಲಿ ಸ್ಪಷ್ಟವಾದ ಮುಖವೂ ಇಲ್ಲ. ನಡೆದದ್ದು ತಿರುವುಮುರುವು. ಮೊದಲು ಧೈರ್ಯ ತೋರಿದವರು ಮೊಹಮ್ಮದ್. ಸ್ನೇಹಿತರಿಗಾಗಿ ಪ್ರಾಣವನ್ನೇ ಕೊಡುವುದಕ್ಕಿಂತ ಮಿಗಿಲಾದ ಪ್ರೀತಿಯಿಲ್ಲವೆಂದು ಪ್ರಭು ಯೇಸು ಬೋಧಿಸಿದ್ದನ್ನು ಕ್ರಿಸ್ತಿಯಾನ್ ಮೊದಲು ಕಣ್ಣಾರೆ ಕಂಡದ್ದು ಕ್ರೈಸ್ತನಲ್ಲದ ಒಬ್ಬ ಬಡ ಕಾವಲುಗಾರನಲ್ಲಿ. ಕ್ರಿಸ್ತಿಯಾನ್‌ರ ಧೈರ್ಯವು ಪಡೆದ ಕೊಡುಗೆಗೆ ಸಲ್ಲಿಸಿದ ಕೃತಜ್ಞತೆ. ಆ ಮಹಿಳೆಯ ಹೋಲಿಕೆಯನ್ನೇ ಮುಂದುವರಿಸಿದರೆ, ಸನ್ಯಾಸಿಗಳು ಕೊಂಬೆಯಾಗುವುದಕ್ಕೆ ಎಷ್ಟೋ ವರ್ಷ ಮೊದಲು ಮೊಹಮ್ಮದ್ ಎಂಬ ಕೊಂಬೆಯ ಮೇಲೆ ಕ್ರಿಸ್ತಿಯಾನ್ ಎಂಬ ಹಕ್ಕಿ ಕುಳಿತಿತ್ತು.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ರಕ್ತಸಾಕ್ಷಿಗಳ ಕಥೆಯನ್ನು ದ್ವೇಷ ಬಿತ್ತಲು ಬಳಸುವ ಶೋಧನೆ ಎಲ್ಲ ಕಾಲದಲ್ಲೂ ಇದೆ. ತಮ್ಮ ಮರಣ ಹಾಗೆ ಬಳಕೆಯಾಗಬಾರದೆಂದು ಕ್ರಿಸ್ತಿಯಾನ್ ಮುಂಚೆಯೇ ಎಚ್ಚರ ವಹಿಸಿದ್ದರು. 1993ರ ಡಿಸೆಂಬರ್ ಮತ್ತು 1994ರ ಜನವರಿಯ ನಡುವೆ ಅವರು ಒಂದು ಅಂತಿಮ ಪತ್ರ ಬರೆದು ಮನೆಯವರಿಗೆ ಕಳುಹಿಸಿದ್ದರು. 1996ರ ಮೇ 26ರಂದು, ಪವಿತ್ರಾತ್ಮರ ಆಗಮನದ ಹಬ್ಬದ ದಿನ, ಕುಟುಂಬದವರು ಅದನ್ನು ತೆರೆದು ಓದಿದರು. ತಮ್ಮ ಜೀವ ಈ ದೇಶಕ್ಕೂ ದೇವರಿಗೂ ಈಗಾಗಲೇ ಕೊಟ್ಟದ್ದಾಗಿದೆ ಎಂದು ಅದರಲ್ಲಿ ಅವರು ಹೇಳಿಕೊಂಡಿದ್ದರು. ತಮ್ಮ ಕೊಲೆಗಾಗಿ ಅಲ್ಜೀರಿಯಾದ ಜನರನ್ನೆಲ್ಲ ದೂಷಿಸಬಾರದು, ಇಸ್ಲಾಂ ಧರ್ಮವನ್ನು ಉಗ್ರರ ಕೃತ್ಯದೊಂದಿಗೆ ಒಂದಾಗಿಸಬಾರದು ಎಂದು ಕೇಳಿಕೊಂಡಿದ್ದರು. ಕೊನೆಯಲ್ಲಿ ತಮ್ಮನ್ನು ಕೊಲ್ಲಲಿರುವವನನ್ನೇ ಸ್ನೇಹಿತನೆಂದು ಕರೆದು, ಸ್ವರ್ಗದಲ್ಲಿ ಇಬ್ಬರೂ ಭೇಟಿಯಾಗುವ ಆಶಯ ವ್ಯಕ್ತಪಡಿಸಿದ್ದರು. ಚಿತ್ರದ ಅಂತ್ಯದಲ್ಲಿ ಈ ಪತ್ರದ ಮಾತುಗಳು ಕೇಳಿಬರುತ್ತವೆ. ಮೊಹಮ್ಮದ್‌ರ ಕಥೆ ತಿಳಿಯದವರಿಗೆ ಈ ಮಾತುಗಳು ಕೈಗೆಟುಕದ ಸಂತನೊಬ್ಬನ ಉದಾತ್ತ ಮಾತುಗಳಾಗಿ ಕೇಳಿಸುತ್ತವೆ. ತಿಳಿದವರಿಗೆ ಅವು ಮೂವತ್ತೈದು ವರ್ಷಗಳ ಹಿಂದಿನ ಒಂದು ಋಣವನ್ನು ತೀರಿಸುವ ಮನುಷ್ಯನ ಮಾತುಗಳಾಗಿ ಕೇಳಿಸುತ್ತವೆ. ಎರಡನೆಯದು ನಮಗೆ ಹೆಚ್ಚು ಹತ್ತಿರ. ಆದ್ದರಿಂದಲೇ ಈ ಬಿಟ್ಟುಹೋದ ಕಥೆಯನ್ನು ಚಿತ್ರ ನೋಡುವ ಮೊದಲೇ ನಿಮಗೆ ಹೇಳಿದೆ.

ಮಂಜಿನಲ್ಲಿ ಮರೆಯಾದವರು, ಉಳಿದುಕೊಂಡವರು

ಚಿತ್ರದ ಮುಕ್ತಾಯ ಸಂಯಮಕ್ಕೆ ಮಾದರಿಯಾಗಿದೆ. ಕೊಲೆಯನ್ನು ನಾವು ಕಾಣುವುದಿಲ್ಲ. ಹಿಮ ಬಿದ್ದ ಬೆಟ್ಟದ ದಾರಿಯಲ್ಲಿ ಸನ್ಯಾಸಿಗಳೂ ಅವರನ್ನು ಒಯ್ಯುವವರೂ ಏದುಸಿರು ಬಿಡುತ್ತಾ ನಡೆಯುತ್ತಾರೆ. ಒಬ್ಬೊಬ್ಬರಾಗಿ ಮಂಜಿನಲ್ಲಿ ಕರಗಿಹೋಗುತ್ತಾರೆ. ಸತ್ಯ ಪೂರ್ಣವಾಗಿ ಹೊರಬರದ ವಿಷಯದಲ್ಲಿ ಕಲ್ಪನೆಯನ್ನು ಹರಿಯಬಿಡದೆ ನಿಲ್ಲಿಸಿದ್ದು ನಿರ್ದೇಶಕರ ಪ್ರಾಮಾಣಿಕತೆ. ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಮೂಡುವ 82ನೆಯ ಕೀರ್ತನೆಯ ಮಾತು ಇಲ್ಲಿ ನೆನಪಾಗುತ್ತದೆ. ದೇವರ ಮಕ್ಕಳೆಂದು ಕರೆಯಲ್ಪಟ್ಟವರೂ ಎಲ್ಲ ಮನುಷ್ಯರಂತೆಯೇ ಸಾಯುತ್ತಾರೆ ಎಂಬುದು ಅದರ ಸಾರ. ಚಿತ್ರದ ಶೀರ್ಷಿಕೆ ಬಂದದ್ದೂ ಅಲ್ಲಿಂದಲೇ.

ಆ ರಾತ್ರಿ ಮಠದಲ್ಲಿದ್ದ ಒಂಬತ್ತು ಸನ್ಯಾಸಿಗಳಲ್ಲಿ ಇಬ್ಬರು ಅಪಹರಣಕಾರರ ಕೈಗೆ ಸಿಗಲಿಲ್ಲ. ಅವರು ಅಮೆದೇ ಮತ್ತು ಜಾನ್-ಪಿಯೇರ್. ಅವರನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಸಹೋದರರೊಂದಿಗೆ ಅವರೂ ಉಳಿಯಲು ಒಪ್ಪಿದ್ದರು, ಅವರೂ ಪ್ರಾಣವನ್ನು ದೇವರಿಗೆ ಒಪ್ಪಿಸಿದ್ದರು. ಆದರೆ ರಕ್ತಸಾಕ್ಷಿಯ ಕಿರೀಟ ಅವರಿಗೆ ಬರಲಿಲ್ಲ. ಬಂದದ್ದು ಮರುದಿನ ಬೆಳಿಗ್ಗೆ ಖಾಲಿ ಮಠ. ಅಮೆದೇ 2008ರಲ್ಲಿ ನಿಧನರಾದರು. ಜಾನ್-ಪಿಯೇರ್ ಮೊರಾಕ್ಕೊದ ಮಿದೆಲ್ತ್ ಎಂಬಲ್ಲಿನ ಮಠದಲ್ಲಿ ಅದೇ ಪ್ರಾರ್ಥನೆಗಳನ್ನು ಮುಂದುವರಿಸಿ, 2021ರ ನವೆಂಬರ್‌ನಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ಪ್ರಭುವನ್ನು ಸೇರಿದರು. ಸಾಯಲು ಬೇಕಾದ ಧೈರ್ಯವನ್ನು ನಾವು ಹಾಡಿ ಹೊಗಳುತ್ತೇವೆ. ಎಲ್ಲವೂ ಮುಗಿದ ಮೇಲೆ ಮತ್ತೆ ಬೆಳಗಿನ ಗಂಟೆಗೆ ಎದ್ದು ಬದುಕಲು ಬೇಕಾದ ಧೈರ್ಯ ಅದಕ್ಕಿಂತ ಕಡಿಮೆಯದೇ? ನಮ್ಮಲ್ಲಿ ಹೆಚ್ಚಿನವರಿಂದ ದೇವರು ಕೇಳುವುದು ಈ ಎರಡನೆಯ ಧೈರ್ಯವನ್ನು. ಚಿತ್ರ ಅವರಿಬ್ಬರ ಮುಂದಿನ ಬದುಕಿನ ಬಗ್ಗೆ ಏನನ್ನೂ ಹೇಳದೆ ಮುಗಿಯುತ್ತದೆ. ಆ ಭಾಗವನ್ನು ನಾವೇ ಧ್ಯಾನಿಸಿಕೊಳ್ಳಬೇಕು.

ಕಡೆಯದಾಗಿ ಒಂದು ಸಲಹೆ. ಈ ಚಿತ್ರವನ್ನು ಒಬ್ಬರೇ ನೋಡಬೇಡಿ. ತಪಸ್ಸುಕಾಲದ ಒಂದು ಸಂಜೆ ಧರ್ಮಕೇಂದ್ರದ ಸಭಾಂಗಣದಲ್ಲಿ ಯುವಜನರು, ಹಿರಿಯರು ಒಟ್ಟಾಗಿ ನೋಡಬಹುದು. ಸಂಭಾಷಣೆ ಫ್ರೆಂಚ್ ಮತ್ತು ಅರೇಬಿಕ್ ಭಾಷೆಗಳಲ್ಲಿರುವುದರಿಂದ ತಿಳಿದವರೊಬ್ಬರು ನಡುನಡುವೆ ವಿವರಿಸಬೇಕಾದೀತು. ಕೊಲೆಯ ಒಂದು ದೃಶ್ಯವಿರುವುದರಿಂದ ಪುಟ್ಟ ಮಕ್ಕಳನ್ನು ಕೂರಿಸದಿರುವುದು ಒಳಿತು. ನೋಡಿದ ಬಳಿಕ ಭಾಷಣ ಬೇಡ. ಆ ಸನ್ಯಾಸಿಗಳಂತೆ ಮೇಜಿನ ಸುತ್ತ ಕುಳಿತು, ಪ್ರತಿಯೊಬ್ಬರೂ ತಮಗೆ ಈಗ ಯಾವುದರ ಭಯವಿದೆಯೆಂದು ಒಂದೊಂದು ಮಾತು ಹೇಳಲಿ. ಉಳಿದವರು ತಿದ್ದದೆ, ಉಪದೇಶಿಸದೆ ಕೇಳಿಸಿಕೊಳ್ಳಲಿ. ಅಪ್ಪನಿಗೂ ಭಯವಿದೆಯೆಂದು ಮಗ ಮೊದಲ ಬಾರಿಗೆ ತಿಳಿದಾನು. ಸೊಸೆಯ ಕಳವಳ ಅತ್ತೆಗೆ ಅರ್ಥವಾದೀತು. ಅನಂತರ ಎಲ್ಲರೂ ಎದ್ದು ಒಂದು ಕೀರ್ತನೆಯನ್ನೋ ಜಪಮಾಲೆಯ ಒಂದು ಹತ್ತನ್ನೋ ಕೂಡಿ ಪ್ರಾರ್ಥಿಸಲಿ.

ತಿಬಿರಿನ್‌ನ ಮಠದಲ್ಲಿ 2016ರಿಂದ ಬೇರೊಂದು ಕ್ರೈಸ್ತ ಸಮುದಾಯ ವಾಸಿಸುತ್ತಾ ಬಂದಿದೆ. ತೋಟ ಪಾಳುಬಿದ್ದಿಲ್ಲ. ಏಳು ಸಮಾಧಿಗಳನ್ನು ನೋಡಲು ಬರುವವರಲ್ಲಿ ಅಲ್ಜೀರಿಯಾದ ಮುಸಲ್ಮಾನರೂ ಬಹಳ ಮಂದಿ ಇದ್ದಾರೆ. ಕೊಂಬೆ ಮುರಿಯಿತೆಂದು ಲೋಕ ಭಾವಿಸಿದ ಕಡೆಯಲ್ಲೇ ಹಕ್ಕಿಗಳು ಇಂದಿಗೂ ಬಂದು ಕೂರುತ್ತಿವೆ. ನಿಮ್ಮ ನಿಮ್ಮ ಮನೆಗಳ ಕೊಂಬೆಗಳನ್ನೂ, ಅವುಗಳನ್ನು ಆಶ್ರಯಿಸಿದ ಹಕ್ಕಿಗಳನ್ನೂ ಪ್ರಭು ಕಾಪಾಡಲಿ.